ರನ್‌ವೇಗೂ ಒಬ್ಬ ನೀರಗಂಟಿ

(ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವಿಷಯ ವಿಮಾನ ಎಂದು ಹೇಳಿದಾಗ ಕಾರ್ಯಕ್ರಮ ನಡೆಸುವವರೊಬ್ಬರು ನನ್ನ ಮುಖವನ್ನೇ ನೋಡಿದರು. "ಕಡ್ಲೇಕಾಯಿ ರೇಟು ಮಾತಾಡಿದ್ರೆ ಜನ ಕೂರ್ತಾರೆ ಸಾರ್, ವಿಮಾನ ಅಂದ್ರೆ ಮಕ್ಕಳು ಮಾತ್ರ ಉಳೀತಾರೆ" ಅಂದರು. ಅವರ ಮಾತು ಸುಳ್ಳಲ್ಲ. ಆದರೆ ನಾನು ಬಾಳಿನ ಬಹುಪಾಲು ದುಡಿದದ್ದು ವಿಮಾನ ಕಂಪನಿಗಳ ಶೆಡ್ಯೂಲ್ ವಿಭಾಗದಲ್ಲಿ. ವಿಮಾನ ಹಾರಿಸಿದವನಲ್ಲ, ರಿಪೇರಿ ಮಾಡಿದವನೂ ಅಲ್ಲ. ಯಾವ ವಿಮಾನ ಎಷ್ಟು ಗಂಟೆಗೆ ಎಲ್ಲಿ ಇಳಿಯಬೇಕು, ಎಷ್ಟು ಗಂಟೆಗೆ ಏಳಬೇಕು ಎಂದು ಕಾಗದದ ಮೇಲೆ ಗೆರೆ ಎಳೆದವನು. ಆ ಗೆರೆ ಎಳೆಯುವಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ನಮ್ಮ ಕಡೆಯ ಕೆರೆಯ ತೂಬು. ಹಾಗಾಗಿ ಇವತ್ತಿನ ಮಾತು ಅರ್ಧ ವಿಮಾನದ್ದು, ಅರ್ಧ ಕೆರೆಯದ್ದು.

ಮೊದಲು ಎರಡು ತಾರೀಖು. ಎಮಿರೇಟ್ಸ್ ಕಂಪನಿಯ ಎರಡಂತಸ್ತಿನ ಎ380 ವಿಮಾನ ದುಬೈನಿಂದ ಬೆಂಗಳೂರಿಗೆ ದಿನಾ ಬರತೊಡಗಿದ್ದು 2022ರ ಅಕ್ಟೋಬರ್ 30ಕ್ಕೆ. ವರ್ಜಿನ್ ಅಟ್ಲಾಂಟಿಕ್ ಲಂಡನ್ನಿನ ಹೀಥ್ರೂದಿಂದ ಬೆಂಗಳೂರಿಗೆ ಬರತೊಡಗಿದ್ದು 2024ರ ಮಾರ್ಚ್ 31ಕ್ಕೆ. ಮಕ್ಕಳು ಮನೆಗೆ ಹೋಗಿ ಕ್ಯಾಲೆಂಡರ್ ತೆಗೆದು ನೋಡಿ. ಎರಡೂ ಭಾನುವಾರ, ಅದೂ ಆಯಾ ತಿಂಗಳ ಕೊನೆಯ ಭಾನುವಾರ. ಇದು ಪಂಚಾಂಗ ನೋಡಿ ಇಟ್ಟ ಮುಹೂರ್ತವಲ್ಲ. ನಮಗೆ ಮುಂಗಾರು, ಹಿಂಗಾರು ಇದ್ದಂತೆ ಜಗತ್ತಿನ ವಿಮಾನಗಳಿಗೂ ಎರಡು ಹಂಗಾಮು. ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ಹಂಗಾಮು ಶುರು, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ್ದು. ನೀರು ಬಿಡುವುದು ಆ ದಿನ. ಹೊಸ ಗದ್ದೆಗೆ ಪಾಲು ಸಿಕ್ಕಿದ್ದರೆ ಅದಕ್ಕೂ ಆವತ್ತೇ ಮೊದಲ ನೀರು. ಎಲ್ಲ ಮಾರ್ಗಗಳೂ ಹೀಗೇ ಎಂದು ತಿಳಿಯಬೇಡಿ. ಕ್ವಾಂಟಾಸ್ ಕಂಪನಿ ಸಿಡ್ನಿಯಿಂದ ಬೆಂಗಳೂರಿಗೆ ಬಂದದ್ದು 2022ರ ಸೆಪ್ಟೆಂಬರ್ 14, ಬುಧವಾರ. ಹಂಗಾಮಿನ ನಡುವೆಯೂ ತೂಬಿನಲ್ಲಿ ನೀರು ಮಿಕ್ಕಿದ್ದರೆ ಬಿಡುತ್ತಾರೆ.

ಈ ಪಾಲಿಗೆ ವಿಮಾನದವರು ಇಟ್ಟ ಹೆಸರು ಸ್ಲಾಟ್. ಇಂಥ ದಿನ, ಇಂಥ ಗಂಟೆ, ಇಷ್ಟು ನಿಮಿಷಕ್ಕೆ ಈ ನಿಲ್ದಾಣದಲ್ಲಿ ಇಳಿಯಬಹುದು ಅಥವಾ ಏಳಬಹುದು ಎಂಬ ಅನುಮತಿ ಅದು. ರನ್‌ವೇ ಒಂದೇ ಅಲ್ಲ, ವಿಮಾನ ನಿಲ್ಲಿಸುವ ಜಾಗ, ಟರ್ಮಿನಲ್ಲಿನ ಬಾಗಿಲು, ವಲಸೆ ತಪಾಸಣೆಯ ಸಾಲು ಎಲ್ಲ ಸೇರಿ ಆ ಒಂದು ಹೊತ್ತು.

ಆಕಾಶ ಅಷ್ಟು ದೊಡ್ಡದಿದೆಯಲ್ಲ, ಸರದಿ ಯಾಕೆ ಎಂದು ಕೇಳಬಹುದು. ಆಕಾಶ ದೊಡ್ಡದೇ, ಕೆರೆಯ ನೀರೂ ಕಣ್ಣಿಗೆ ದೊಡ್ಡದೇ ಕಾಣುತ್ತದೆ. ಹೊರಗೆ ಬರುವುದು ತೂಬಿನ ಕಂಡಿಯಲ್ಲಿ. ದೊಡ್ಡ ವಿಮಾನ ಇಳಿದಾಗ ಅದರ ರೆಕ್ಕೆಯ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಅದು ತಣಿಯುವ ತನಕ ಹಿಂದಿನ ವಿಮಾನ ಕಾಯಬೇಕು. ಮುಂಬೈಯಲ್ಲಿ ಎರಡು ರನ್‌ವೇ ಇದ್ದರೂ ಒಂದನ್ನೊಂದು ಕತ್ತರಿಸಿ ಹಾದುಹೋಗುತ್ತವೆ, ಆದ್ದರಿಂದ ಒಂದೇ ಇದ್ದಂತೆ. ಲಂಡನ್ನಿನ ಹೀಥ್ರೂವಿಗೂ ಎರಡೇ ರನ್‌ವೇ. ವರ್ಷಕ್ಕೆ 4,80,000 ಏಳು-ಇಳಿವಿಗಿಂತ ಒಂದೂ ಹೆಚ್ಚು ಕೂಡದು ಎಂಬ ಕಟ್ಟಳೆ ಅಲ್ಲಿದೆ. ದಿನಕ್ಕೆ 1,300ರ ಲೆಕ್ಕ. ಜಗತ್ತಿನ ಅರ್ಧದಷ್ಟು ಕಂಪನಿಗಳು ಆ ತೂಬಿನ ಮುಂದೆ ಬಿಂದಿಗೆ ಹಿಡಿದು ನಿಂತಿವೆ.

ಸರದಿ ಯಾರಿಗೆ? ಕಳೆದ ವರ್ಷ ಆ ಹೊತ್ತಿನಲ್ಲಿ ಯಾರು ಇಳಿಸಿದ್ದರೋ ಅವರಿಗೇ ಈ ವರ್ಷವೂ. ಇಂಗ್ಲಿಷಿನಲ್ಲಿ ಇದಕ್ಕೆ 'ತಾತನ ಹಕ್ಕು' ಎಂದೇ ಹೆಸರಿದೆ, ನಾನು ಕಟ್ಟಿದ್ದಲ್ಲ. ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿಮಾನ, 'ಮಲಬಾರ್ ಪ್ರಿನ್ಸೆಸ್' ಎಂಬ ಹೆಸರಿನದು, ಮುಂಬೈಯಿಂದ ಲಂಡನ್ನಿಗೆ ಹೊರಟದ್ದು 1948ರ ಜೂನ್ 8ಕ್ಕೆ. ಅಷ್ಟು ಹಿಂದೆಯೇ ಕಾಲುವೆ ತೋಡಿಕೊಂಡವರಿಗೆ ಬೆಳಗಿನ ಒಳ್ಳೆಯ ಹೊತ್ತು ಉಳಿದುಬಂತು. ಆ ಕಂಪನಿ ವರ್ಷಾನುಗಟ್ಟಲೆ ನಷ್ಟದಲ್ಲಿದ್ದು, 2022ರ ಜನವರಿ 27ರಂದು ಟಾಟಾ ಕೈಗೆ ಮರಳಿ ಹೋದಾಗಲೂ ಕೊಳ್ಳುವವರ ಕಣ್ಣು ಹಳೆಯ ವಿಮಾನಗಳಿಗಿಂತ ಹೆಚ್ಚಾಗಿ ಈ ಸರದಿಗಳ ಮೇಲೆ ಇತ್ತು ಎಂದು ನಾನು ನಂಬುತ್ತೇನೆ. ತಗಡು ತುಕ್ಕು ಹಿಡಿಯುತ್ತದೆ, ಸರದಿಗೆ ತುಕ್ಕಿಲ್ಲ.

ತಡವಾಗಿ ಬಂದವರ ಕಥೆಯೇ ಬೇರೆ. ಅದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಸೈನ್ಯದಿಂದ ಬಂದು ಹೊಲ ಮಾಡಿ, ರೇಷ್ಮೆ ಬೆಳೆದು, ಆಮೇಲೆ ವಿಮಾನಕ್ಕೆ ಕೈ ಹಾಕಿದ ಮನುಷ್ಯ. ಎರಡು ವರ್ಷಕ್ಕೆ, 2005ರ ಮೇ ತಿಂಗಳಲ್ಲಿ, ಬೆಂಗಳೂರಿನ ವಿಜಯ್ ಮಲ್ಯ ಕಿಂಗ್‌ಫಿಷರ್ ಹಾರಿಸಿದರು. ಮಲ್ಯರಿಗೆ ಲಂಡನ್ನಿಗೆ ಹಾರುವ ಆಸೆ. ಆದರೆ ಆಗ ಭಾರತದ ಕಾನೂನು ಹೀಗಿತ್ತು: ಐದು ವರ್ಷ ದೇಶದೊಳಗೆ ಹಾರಿಸಿರಬೇಕು, ಇಪ್ಪತ್ತು ವಿಮಾನ ಇರಬೇಕು, ಆಮೇಲೆ ಹೊರದೇಶ. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬಲು 2010ರ ತನಕ ಕಾಯಬೇಕಿತ್ತು. ಡೆಕ್ಕನ್‌ಗೆ ತುಂಬುವುದು 2008ರ ಆಗಸ್ಟಿಗೆ. ಮಲ್ಯ 2007ರಲ್ಲಿ ಡೆಕ್ಕನ್ನಿನಲ್ಲಿ ಪಾಲು ಕೊಂಡರು. ಎರಡೂ ಒಂದಾದವು. 2008ರ ಸೆಪ್ಟೆಂಬರ್ 3ಕ್ಕೆ ಕಿಂಗ್‌ಫಿಷರ್‌ನ ಮೊದಲ ಹೊರದೇಶದ ವಿಮಾನ ಬೆಂಗಳೂರಿನಿಂದ ಹೀಥ್ರೂವಿಗೆ ಹೊರಟಿತು. ಡೆಕ್ಕನ್ನಿನ ಐದನೇ ವರ್ಷ ತುಂಬಿ ಹತ್ತು ಹನ್ನೆರಡು ದಿನವೂ ಕಳೆದಿರಲಿಲ್ಲ.

ಇದನ್ನು ನೀವು ಜಾಣತನ ಎನ್ನಬಹುದು. ಪಕ್ಕದ ಗದ್ದೆ ಕೊಂಡು ಅದರ ಜೊತೆಗೆ ಬಂದ ನೀರಿನ ಪಾಲನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ ಹಾಗೆ. ನನ್ನ ಲೆಕ್ಕದಲ್ಲಿ ಅಲ್ಲೇ ಎಡವಟ್ಟಾಯಿತು. ಬಡವರಿಗೆ ಕಡಿಮೆ ಬೆಲೆಯ ಟಿಕೆಟ್ ಕೊಟ್ಟ ಕಂಪನಿಯನ್ನು ಲಂಡನ್ನಿನ ಒಂದು ಹೊತ್ತಿಗಾಗಿ ನುಂಗಿ, ಅದರ ಸಾಲವನ್ನೂ ನುಂಗಿ, ಎರಡನ್ನೂ ಅರಗಿಸಿಕೊಳ್ಳಲಾಗಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನೆಲಕ್ಕೆ ಕೂತಿತು. ಆ ಐದು-ಇಪ್ಪತ್ತರ ಕಾನೂನನ್ನು ಸರ್ಕಾರ 2016ರ ಜೂನ್‌ನ ನೀತಿಯಲ್ಲಿ ತೆಗೆದುಹಾಕಿತು. ಈಗ ಇಪ್ಪತ್ತು ವಿಮಾನ ಇದ್ದರೆ ಸಾಕು, ಐದು ವರ್ಷ ಬೇಡ. ಯಾರಿಗಾಗಿ ಆ ಕಾನೂನು ಇತ್ತೋ, ಯಾರು ಅದನ್ನು ದಾಟಲು ಮನೆಮಠ ಕಳೆದುಕೊಂಡರೋ, ಅವರೆಲ್ಲ ಹೋದ ಮೇಲೆ!

ಇನ್ನೊಂದು ಸಂಗತಿ ನಮ್ಮ ಊರಿನವರಿಗೆ ವಿಚಿತ್ರ ಅನಿಸಬಹುದು. ಹೀಥ್ರೂವಿನಲ್ಲಿ ಸರದಿಯನ್ನು ಮಾರಬಹುದು. ಓಮನ್ ಏರ್ 2016ರಲ್ಲಿ ಒಂದು ಜೊತೆ ಸ್ಲಾಟಿಗೆ, ಅಂದರೆ ದಿನಕ್ಕೊಮ್ಮೆ ಇಳಿದು ಏಳುವ ಹೊತ್ತಿಗೆ, 7.5 ಕೋಟಿ ಡಾಲರ್ ಕೊಟ್ಟಿತು ಎಂದು ವರದಿಯಾಯಿತು. ವಿಮಾನಕ್ಕಲ್ಲ, ಜಾಗಕ್ಕಲ್ಲ, ಹೊತ್ತಿಗೆ. ನಮ್ಮ ದೇಶದ ಜೆಟ್ ಏರ್‌ವೇಸ್ 2013ರಲ್ಲಿ ಹೀಥ್ರೂವಿನ ತನ್ನ ಮೂರು ಜೊತೆ ಸ್ಲಾಟನ್ನು ಅಬುಧಾಬಿಯ ಎತಿಹಾದ್‌ಗೆ 7 ಕೋಟಿ ಡಾಲರಿಗೆ ಮಾರಿ, ಅದೇ ಹೊತ್ತನ್ನು ಬಾಡಿಗೆಗೆ ಪಡೆದು ಹಾರಿಸಿತು. ಗದ್ದೆಯ ನೀರಿನ ಪಾಲನ್ನು ಸಾಹುಕಾರನಿಗೆ ಬರೆದುಕೊಟ್ಟು, ಆಮೇಲೆ ಅವನಿಂದಲೇ ಗುತ್ತಿಗೆಗೆ ನೀರು ಕೊಂಡ ಹಾಗೆ. ಇಂಥ ಬಾಳು ಎಷ್ಟು ದಿನ? 2019ರ ಏಪ್ರಿಲ್ 17ರ ರಾತ್ರಿ ಜೆಟ್ ನಿಂತಿತು. ದೆಹಲಿ, ಮುಂಬೈಯಲ್ಲಿ ಅದರ ನೂರಾರು ಸರದಿಗಳನ್ನು ಬೇರೆ ಕಂಪನಿಗಳಿಗೆ ತಾತ್ಕಾಲಿಕ ಎಂದು ಹಂಚಿದರು. ಆ ಕಂಪನಿಯನ್ನು ಮತ್ತೆ ಎಬ್ಬಿಸುತ್ತೇವೆ ಎಂದು ಬಂದವರಿಗೆ ಆ ಹಳೆಯ ಹೊತ್ತುಗಳು ವಾಪಸು ಬೇಕಿತ್ತು. ಅದು ನಿಮ್ಮ ಆಸ್ತಿಯಲ್ಲ, ಹಾರಿಸದವರಿಗೆ ತಾತನ ಹಕ್ಕು ಇಲ್ಲ ಎಂಬುದು ಸರ್ಕಾರದ ನಿಲುವು. 2024ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟು ಕಂಪನಿಯ ಸಮಾಪನೆಗೇ ಆದೇಶ ಮಾಡಿತು. ನಮ್ಮ ಸರ್ಕಾರದ ಆ ನಿಲುವು ನನಗೆ ಸರಿ ಕಾಣುತ್ತದೆ. ನೀರು ಕೆರೆಯದ್ದು, ಗದ್ದೆಯದ್ದಲ್ಲ.

ಸರದಿ ಉಳಿಸಿಕೊಳ್ಳಲು ಒಂದು ಷರತ್ತಿದೆ. ಕೊಟ್ಟ ಹೊತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಬಳಸಬೇಕು. ಮೂವತ್ತು ವಾರದ ಹಂಗಾಮಿನಲ್ಲಿ ವಾರಕ್ಕೊಂದು ಸಲದ ಸರದಿ ಇದ್ದರೆ ಇಪ್ಪತ್ತನಾಲ್ಕು ವಾರ ವಿಮಾನ ಬರಲೇಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಆ ಹೊತ್ತು ಬೇರೆಯವರಿಗೆ. ಕೇಳಲು ನ್ಯಾಯವಾಗಿದೆ. ಕೋವಿಡ್ ಬಂದಾಗ ಅದರ ಇನ್ನೊಂದು ಮುಖ ಕಂಡಿತು. ಜನರೇ ಇಲ್ಲ, ಆದರೂ ಸರದಿ ತಪ್ಪಬಾರದೆಂದು ಕೆಲವರು ಖಾಲಿ ವಿಮಾನ ಹಾರಿಸಿದರು. 2020ರ ಮಾರ್ಚ್‌ನಲ್ಲಿ ನಿಯಮ ಸಡಿಲಿಸಿದರು. ಅರ್ಧಂಬರ್ಧ ಮರಳಿ ತಂದಾಗ ಜರ್ಮನಿಯ ಲುಫ್ತಾನ್ಸಾ, 2021-22ರ ಚಳಿಗಾಲದಲ್ಲಿ ಸ್ಲಾಟ್ ಉಳಿಸಲೆಂದೇ 18,000 ಬೇಡದ ಹಾರಾಟ ಮಾಡಬೇಕಾಗುತ್ತದೆ ಎಂದು ಹೇಳಿಕೊಂಡಿತು. ಪೈರಿಲ್ಲದ ಗದ್ದೆಗೆ ನೀರು ಬಿಟ್ಟು, ನನ್ನ ಪಾಲು ಬಳಸಿದ್ದೇನೆ ನೋಡಿ ಎಂದು ಬದುವಿನ ಮೇಲೆ ನಿಂತವರನ್ನು ನಾವೂ ನೋಡಿದ್ದೇವೆ. ಒಂದು ವ್ಯತ್ಯಾಸ ಮಾತ್ರ. ಇವತ್ತು ಬಿಡದ ನೀರು ನಾಳೆಗೆ ಕೆರೆಯಲ್ಲೇ ಉಳಿಯುತ್ತದೆ. ಇವತ್ತು ಬಳಸದ ರನ್‌ವೇ ನಿಮಿಷ ಕೋಡಿ ಬಿದ್ದು ಹರಿದುಹೋಗುತ್ತದೆ. ಈ ಒಂದು ಕಡೆ ನನ್ನ ಹೋಲಿಕೆ ಸೋಲುತ್ತದೆ, ಒಪ್ಪುತ್ತೇನೆ.

ಈ ಹಂಚಿಕೆ ನಡೆಯುವ ಜಾಗವನ್ನು ನಿಮಗೆ ತೋರಿಸಬೇಕಿತ್ತು. ವರ್ಷಕ್ಕೆರಡು ಸಲ, ಜೂನ್‌ನಲ್ಲೊಮ್ಮೆ ನವೆಂಬರ್‌ನಲ್ಲೊಮ್ಮೆ, ಲೋಕದ ಕಂಪನಿಗಳೆಲ್ಲ ಯಾವುದಾದರೊಂದು ಊರಿನಲ್ಲಿ ಸೇರುತ್ತವೆ. ದೊಡ್ಡ ಹಜಾರ, ಸಾಲಾಗಿ ಮೇಜು, ಪ್ರತಿ ಮೇಜಿನ ಮೇಲೆ ಒಂದೊಂದು ನಿಲ್ದಾಣದ ಫಲಕ. ಹೊರಗೆ ಕೋಟು ಟೈ, ಒಳಗೆ ದನದ ಜಾತ್ರೆ. ಸಿದ್ದಗಂಗೆ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುತ್ತಾರಲ್ಲ, ಹಾಗೆ ಕಾಫಿ ಲೋಟದ ಮರೆಯಲ್ಲಿ ಮಾತು. "ನಿನ್ನ ಎಂಟೂ ಹತ್ತು ನನಗೆ ಕೊಡು, ನನ್ನ ಒಂಬತ್ತೂ ನಲವತ್ತು ನೀನು ತಗೋ." ಅದಲುಬದಲಿಗೆ ಅವಕಾಶವಿದೆ. ನಾನು ಒಮ್ಮೆ ಹೋಗಿದ್ದೆ. ನಾವು ಕೇಳಿದ್ದು ಬೆಳಗಿನ ಏಳು ಗಂಟೆ. ಸಿಕ್ಕಿದ್ದು ಮಧ್ಯಾಹ್ನ ಎರಡೂ ನಲವತ್ತು. ಆ ಹೊತ್ತಿಗೆ ಇಳಿದರೆ ಮುಂದಿನ ಊರಿಗೆ ಹೋಗುವ ವಿಮಾನಗಳೆಲ್ಲ ಹೊರಟುಹೋಗಿರುತ್ತವೆ. ನಮ್ಮ ಸಾಹೇಬರು ಬೇಡ ಎನ್ನಲಿಲ್ಲ. ಬೇಡ ಎಂದರೆ ಮೇಜಿನ ಮುಂದೆ ನಿಂತ ಮುಂದಿನವನು ಕೈ ಚಾಚುತ್ತಾನೆ. ತೆಗೆದುಕೊಂಡೆವು, ಎರಡು ಹಂಗಾಮು ಅರೆಖಾಲಿ ವಿಮಾನ ಓಡಿಸಿದೆವು, ಬಿಟ್ಟೆವು.

ಇನ್ನು ನಿಮ್ಮಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದವರು ಇದ್ದೀರಿ. ಅವರನ್ನು ಬಿಡಲು ಹೋಗುವಾಗ ಸಂಜೆಯ ಊಟ ಕಟ್ಟಿಕೊಂಡು, ಹೆದ್ದಾರಿಯಲ್ಲಿ ಕಾರು ಹತ್ತಿ, ದೇವನಹಳ್ಳಿಯಲ್ಲಿ ನಡುರಾತ್ರಿ ಕಾದಿದ್ದೀರಿ. ಯೂರೋಪಿನ ವಿಮಾನಗಳೆಲ್ಲ ಬೆಂಗಳೂರಿನಿಂದ ಬೆಳಗಿನ ಜಾವವೇ ಯಾಕೆ ಹೊರಡುತ್ತವೆ ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಕಾರಣ ಬೆಂಗಳೂರಿನದ್ದಲ್ಲ. ಫ್ರಾಂಕ್‌ಫರ್ಟ್ ನಿಲ್ದಾಣದ ಸುತ್ತಲಿನ ಜನ ನಿದ್ದೆಗೆ ಹೋರಾಡಿದರು. 2011ರಿಂದ ಅಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ತನಕ ವಾಡಿಕೆಯ ಹಾರಾಟ ಬಂದ್. ಬೆಳಗ್ಗೆ ಅಲ್ಲಿ ಇಳಿದರೆ ತಾನೇ ಅಮೆರಿಕಕ್ಕೆ ಮುಂದಿನ ವಿಮಾನ ಸಿಗುವುದು. ಅಲ್ಲಿ ಬೆಳಗ್ಗೆ ಇಳಿಯಬೇಕೆಂದರೆ ಇಲ್ಲಿ ರಾತ್ರಿ ಎರಡು ಮೂರಕ್ಕೆ ಏಳಬೇಕು. ಜರ್ಮನಿಯವರ ನಿದ್ದೆಗೆ ಬೆಲೆ ಕಟ್ಟಿದ್ದು ದೇವನಹಳ್ಳಿ ಸುತ್ತಿನ ಹಳ್ಳಿಗಳ ನಿದ್ದೆ. ಅಲ್ಲಿಯವರು ಕೋರ್ಟಿಗೆ ಹೋಗಿ ಕೇಳಿಕೊಂಡರು. ನಮ್ಮವರು ಕೇಳಿಲ್ಲ, ಅಷ್ಟೆ.

ಈಗ ಕೆರೆಯ ನೀರು ಹಂಚುವ ನೀರಗಂಟಿಯ ಮಾತು. ನಮ್ಮ ಊರುಗಳಲ್ಲಿ ನೀರಗಂಟಿಗೆ ಯಾವೊಬ್ಬ ಗೌಡನೂ ಸಂಬಳ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಅಚ್ಚುಕಟ್ಟಿನವರೆಲ್ಲ ಕಣದಲ್ಲಿ ಅವನಿಗೆ ಆಯ ಅಳೆಯುತ್ತಿದ್ದರು. ಎಲ್ಲರ ಅನ್ನ ತಿಂದವನು ಒಬ್ಬನ ಕಡೆ ತೂಬು ತಿರುಗಿಸಲಾರ ಎಂಬ ಲೆಕ್ಕ. ಎಲ್ಲ ಊರಲ್ಲೂ ಹಾಗೇ ನಡೆಯಿತೆಂದು ನಾನು ಹೇಳುವುದಿಲ್ಲ. ಮೇಲಿನ ಗದ್ದೆಯವರ ದರ್ಪ, ನೀರಗಂಟಿಯ ಜಾತಿ, ಎರಡೂ ನಮಗೆ ಗೊತ್ತು. ಆದರೂ ತತ್ತ್ವ ಗಟ್ಟಿ. ಯೂರೋಪಿನವರು 1993ರಲ್ಲಿ ಕಾನೂನು ಮಾಡಿ ಸ್ಲಾಟ್ ಹಂಚುವವನು ಸ್ವತಂತ್ರನಾಗಿರಬೇಕು ಎಂದರು. ನಮ್ಮ ದೇಶದ ದೊಡ್ಡ ಖಾಸಗಿ ನಿಲ್ದಾಣಗಳಲ್ಲಿ ಆ ಕೆಲಸ ನಿಲ್ದಾಣ ನಡೆಸುವವರ ಕೈಯಲ್ಲೇ ಇದೆ, ಮೇಲೆ ವಿಮಾನಯಾನದ ನಿಯಂತ್ರಕ ಡಿಜಿಸಿಎ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ಕಣ್ಣು. ಅವರು ಅನ್ಯಾಯ ಮಾಡುತ್ತಾರೆಂದಲ್ಲ. ಆದರೆ ಒಂದು ಹೊತ್ತಿಗೆ ಮುನ್ನೂರು ಜನರ ದುಬೈ ವಿಮಾನವೂ ಎಪ್ಪತ್ತು ಜನರ ಕಲಬುರಗಿ ವಿಮಾನವೂ ಕೈ ಒಡ್ಡಿದರೆ, ತಲೆಗೆ ಇಷ್ಟು ಎಂದು ಶುಲ್ಕ ಎಣಿಸುವವರ ಮನಸ್ಸು ಎತ್ತ ವಾಲೀತು? ಸಣ್ಣ ಊರುಗಳಿಗೆಂದು 2017ರಲ್ಲಿ ಉಡಾನ್ ಯೋಜನೆಯ ಹಾರಾಟ ಶುರುವಾಯಿತು. ಸಣ್ಣ ಊರಲ್ಲಿ ನಿಲ್ದಾಣ ಕಟ್ಟಬಹುದು, ಮುಂಬೈಯಲ್ಲಿ ಇಳಿಯಲು ಹೊತ್ತು ಎಲ್ಲಿಂದ ತರುವುದು? ಕೊನೆಗದ್ದೆಯವರ ಗೋಳು ಅದೇ.

ಕೊನೆಗದ್ದೆ ಎಂದರೇನು ಎಂದು ಶಿರಾ ತಾಲ್ಲೂಕಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮದಲೂರು ಕೆರೆಗೆ ಹೇಮಾವತಿ ನೀರು ಬರುತ್ತದೋ ಇಲ್ಲವೋ ಎಂಬುದು 2020ರ ನವೆಂಬರ್ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ನೀರು ಹರಿದದ್ದೂ ಉಂಟು, ಆಮೇಲೆ ಆ ಕೆರೆಗೆ ಹಂಚಿಕೆಯೇ ಇಲ್ಲ ಎಂಬ ಮಾತು ಬಂದದ್ದೂ ಉಂಟು. ಕಾಲುವೆ ಕಣ್ಣೆದುರಿಗಿದೆ, ನದಿಯಲ್ಲಿ ನೀರೂ ಇದೆ, ಕಾಗದದಲ್ಲಿ ಪಾಲು ಬರೆದಿದೆಯೇ ಎಂಬುದೇ ಪ್ರಶ್ನೆ. ವಿಮಾನದ ಲೋಕವೂ ಹೀಗೆಯೇ ಇದೆ. ಎರಡು ದೇಶಗಳ ನಡುವೆ ವಾರಕ್ಕೆ ಇಷ್ಟೇ ಸೀಟು ಎಂಬ ಒಪ್ಪಂದ ಬೇರೆ ಇರುತ್ತದೆ. ದುಬೈ ಜೊತೆ ನಮಗಿರುವುದು ಒಂದೊಂದು ಕಡೆಯವರಿಗೆ ಸುಮಾರು 66,000. ಅವರು ಇನ್ನೂ ಬೇಕು ಎನ್ನುತ್ತಾರೆ, ನಮ್ಮ ಸರ್ಕಾರ ಕೊಡುತ್ತಿಲ್ಲ. ರನ್‌ವೇ ಖಾಲಿ ಇದ್ದರೂ ಆ ಕಾಗದ ಬೇಕು.

ಈಗ ನಮ್ಮ ಬಾಗಿಲಿಗೇ ಬರುತ್ತೇನೆ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕೆಂಬ ಮಾತು ಎದ್ದಾಗ ಶಿರಾದ ಶಾಸಕರೂ ದೆಹಲಿಯಲ್ಲಿ ರಾಜ್ಯದ ವಿಶೇಷ ಪ್ರತಿನಿಧಿಯೂ ಆದ ಟಿ.ಬಿ. ಜಯಚಂದ್ರ ಅದು ಶಿರಾದಲ್ಲಿ ಆಗಲಿ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಹೆದ್ದಾರಿ ಇದೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿದ್ದು ಮಾತ್ರ ಮೂರು ಜಾಗ: ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲದಿಂದ ಕುಣಿಗಲ್ ಕಡೆ ಒಂದು. ಶಿರಾ ಆ ಪಟ್ಟಿಯಲ್ಲಿರಲಿಲ್ಲ.

ಪಟ್ಟಿಯಲ್ಲಿದ್ದಿದ್ದರೂ ಇನ್ನೊಂದು ಗೆರೆ ದಾಟಬೇಕಿತ್ತು. 2004ರಲ್ಲಿ ದೇವನಹಳ್ಳಿ ನಿಲ್ದಾಣದ ಕರಾರು ಬರೆದಾಗ, ಅದು ಶುರುವಾಗಿ 25 ವರ್ಷ ತುಂಬುವ ತನಕ ಸುತ್ತಲಿನ 150 ಕಿಲೋಮೀಟರಿನೊಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಒಪ್ಪಿಗೆ ಕೊಡುವುದಿಲ್ಲ ಎಂದು ಕೇಂದ್ರ ಸರ್ಕಾರ ಬರೆದುಕೊಟ್ಟಿತು. ಆ ನಿಲ್ದಾಣ ತೆರೆದದ್ದು 2008ರ ಮೇ 24ರ ಹೊತ್ತಿಗೆ. ಅಂದರೆ 2033ರ ಮೇ. ನೇರ ಗೆರೆ ಎಳೆದರೆ ನಾವು ಕೂತಿರುವ ಈ ತಾವರೆಕೆರೆಯೂ ಆ ವೃತ್ತದ ಒಳಗೇ ಇದೆ. ಒಂದು ಕೆರೆ ಕಟ್ಟಿದವನು, ನನ್ನ ಕೆರೆ ತುಂಬುವ ತನಕ ಸುತ್ತ ಯಾರೂ ಕಟ್ಟೆ ಹಾಕಬೇಡಿ ಎಂದ ಹಾಗೆ. ಬಂಡವಾಳ ಹಾಕುವವನಿಗೆ ಆ ಭರವಸೆ ಬೇಕಿತ್ತು, ಅದನ್ನು ನಾನು ಹಳಿಯುವುದಿಲ್ಲ. ಈಗ ಆ ಕೆರೆ ತುಂಬುತ್ತಿದೆ ಎಂಬುದೂ ನಿಜ. 2024-25ರಲ್ಲಿ ಅಲ್ಲಿ ಓಡಾಡಿದವರು 4 ಕೋಟಿ 18 ಲಕ್ಷ ಜನ. ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲೇ ಬಂತು.

ಆದರೆ ಜಾಗ ಕೊಡುವ ಮೊದಲು ಕೇಳಬೇಕಾದ ಮಾತಿದೆ. ಯಾರು ಇಳಿಯುತ್ತಾರೆ, ಯಾವ ಹೊತ್ತಿಗೆ, ಆ ಹೊತ್ತಿಗೆ ಆಚೆ ಊರಲ್ಲಿ ಅವರಿಗೆ ಸರದಿ ಇದೆಯೇ? ಮೈಸೂರಿನಲ್ಲಿ 2010ರಲ್ಲಿ ನಿಲ್ದಾಣ ತೆರೆದರು. ಕಿಂಗ್‌ಫಿಷರ್ ಒಂದು ವರ್ಷ ಬಂದು 2011ರ ನವೆಂಬರ್‌ಗೆ ನಿಲ್ಲಿಸಿತು, ಆಮೇಲೆ ಬಹಳ ಕಾಲ ರನ್‌ವೇ ಬಣಗುಟ್ಟಿತು. ಶಿವಮೊಗ್ಗದಲ್ಲಿ 3,200 ಮೀಟರ್ ಉದ್ದದ ರನ್‌ವೇ ಇದೆ, ದೊಡ್ಡ ಜೆಟ್ ಇಳಿಯಬಹುದು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಮೊದಲು ಬಂದದ್ದು ಎಪ್ಪತ್ತೆಂಟು ಸೀಟಿನ ಪಂಖದ ವಿಮಾನ. ಏರಿ ಎತ್ತರ ಮಾಡಿದ ಮಾತ್ರಕ್ಕೆ ಮಳೆ ಬರುವುದಿಲ್ಲವಲ್ಲ.

ಜಾಗದ ಬಗ್ಗೆಯೂ ಒಂದು ಮಾತು. ದೇವನಹಳ್ಳಿ ನಿಲ್ದಾಣಕ್ಕೆ ಹೋದದ್ದು ಸುಮಾರು 4,000 ಎಕರೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ತೆಗೆದುಕೊಳ್ಳಲು ಹೊರಟಾಗ ರೈತರು ವರ್ಷಗಟ್ಟಲೆ ಧರಣಿ ಕೂತರು, 2025ರ ಜುಲೈ 15ಕ್ಕೆ ಸರ್ಕಾರ ಕೈಬಿಟ್ಟಿತು. ಪಕ್ಕದ ಪಾವಗಡದ ತಿರುಮಣಿಯಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಅಲ್ಲಿ ಕೂಲಿಯವರ ಕಷ್ಟ ಬೇರೆ, ಅದಕ್ಕೆ ಇನ್ನೊಂದು ದತ್ತಿಯೇ ಬೇಕು. ಆದರೂ ಪಹಣಿಯಲ್ಲಿ ರೈತನ ಹೆಸರು ಉಳಿದಿದೆ. ವಿಮಾನ ನಿಲ್ದಾಣಕ್ಕೂ ಹೀಗೆ ಆಗಬಾರದೇಕೆ? ಒಂದು ಹೊತ್ತಿಗೆ ಲಂಡನ್ನಿನಲ್ಲಿ ಕೋಟಿಗಟ್ಟಲೆ ಡಾಲರ್ ಬೆಲೆ ಇದೆಯಾದರೆ, ಆ ಹೊತ್ತು ಹುಟ್ಟುವುದು ಯಾರ ನೆಲದ ಮೇಲೋ ಅವರಿಗೆ ಇಳಿದ ಪ್ರತಿ ವಿಮಾನದಿಂದ ಒಂದು ಕೊಳಗ ಆಯ ಅಳೆಯಿರಿ ಎಂದು ಕೇಳುವುದು ಅತಿಯಾಸೆಯಲ್ಲ. ಸರ್ಕಾರದವರು ನಾಳೆ ಬಂದರೆ ಕರಾರಿನಲ್ಲಿ ಅದನ್ನು ಮೊದಲು ಬರೆಸಿ.

ನಮ್ಮಲ್ಲಿ ಈಗಾಗಲೇ ಇಳಿಯುವ ಹಕ್ಕು ಇರುವವರು ಕಗ್ಗಲಡು ಊರಿನ ಕೊಕ್ಕರೆಗಳು. ಹುಣಸೆ ಮರಗಳ ಮೇಲೆ ಪ್ರತಿ ವರ್ಷ ಅದೇ ಕೊಂಬೆ, ಅದೇ ಗೂಡು. ಊರವರು ಮರ ಬಡಿಯದೆ, ಹಣ್ಣಿನ ಆಸೆ ಬಿಟ್ಟು ಅವಕ್ಕೆ ಜಾಗ ಬಿಟ್ಟಿದ್ದಾರೆ. ನಿಲ್ದಾಣದ ನಕ್ಷೆ ಹಾಕುವ ಇಂಜಿನಿಯರುಗಳು ಮೊದಲು ಅವುಗಳ ದಾರಿ ಗುರುತು ಮಾಡಿಕೊಳ್ಳಲಿ, ವಿಮಾನದ ಇಂಜಿನ್ನಿಗೂ ಅದು ಒಳ್ಳೆಯದು.

ನನ್ನ ಹೊತ್ತು ಮುಗಿಯಿತು ಎಂದು ಮೇಷ್ಟ್ರು ಕೈಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆ ಇರುವವರು ಕೇಳಿ. ಶಿರಾ ಕಡೆಯ ಕೊನೇ ಬಸ್ಸಿಗೆ ಹೋಗಬೇಕಾದವರು ಮೊದಲು ಕೇಳಲಿ, ಊರಿನವರು ಆಮೇಲೆ.